ಎತ್ತು ನೆಕ್ಕಿದ ಗೋಡೆ

ಹೊಸ ಬಡಾವಣೆಯ ಮನೆಗಳನ್ನು ಬೆರಳಿನಿಂದ ಸವರಿ, ನಾಲಿಗೆಯಿಂದ ಪರೀಕ್ಷಿಸಿ ಪಾಸು ಮಾಡುವ ಓವರಸಿಯರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಭೇಷ್ ಎಂದು ಒಪ್ಪಿಗೆ ಕೊಟ್ಟ ನನ್ನ ಮನೆಯ ಗೋಡೆ ಬಾಣಂತಿಯಾದ ನನ್ನ ಮಗಳ ಕಾಲಿನ ಮೇಲೆ ಬಿತ್ತು. ಅದನ್ನು ಕೆಡವಿದ್ದು ಭೂಕಂಪವಲ್ಲ, ಬಿರುಗಾಳಿಯಲ್ಲ, ಕಳ್ಳರ ಕನ್ನಗೋಲೂ ಅಲ್ಲ. ಒಂದು ಎತ್ತು ನೆಕ್ಕಿತು, ಗೋಡೆ ಬಿತ್ತು. ಇದೇ ಮಾತನ್ನು ತಮ್ಮ ಕಚೇರಿಯಲ್ಲಿ ಕೈಮುಗಿದು ನಿಂತು ಹೇಳಿದೆ, ತಮಗೆ ಕೇಳಿಸಲಿಲ್ಲ. ಆದ್ದರಿಂದ ಈಗ ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಓದು ಬಲ್ಲವರೆಲ್ಲ ಓದುವಂತೆ, ಬಾರದವರು ಬಲ್ಲವರಿಂದ ಓದಿಸಿ ಕೇಳುವಂತೆ, ಪತ್ರಿಕೆಯಲ್ಲಿ ಹೇಳುತ್ತಿದ್ದೇನೆ.

ನಾನು ಕಂಬಳಿ ವ್ಯಾಪಾರದವನು. ಪ್ಲೇಗಿನ ವರ್ಷ ಓಣಿಯಲ್ಲಿ ಇಲಿ ಬೀಳತೊಡಗಿದಾಗ ಊರು ಬಿಟ್ಟು ಹೊಲದಲ್ಲಿ ಕಡ್ಡಿ ಹೆಣೆದ ತಡಿಕೆ ಕಟ್ಟಿಕೊಂಡು ಬದುಕಿದವರಲ್ಲಿ ನಾವೂ ಇದ್ದೆವು. ಆ ತಡಿಕೆಗೆ ಟೆಂಡರು ಕರೆದಿರಲಿಲ್ಲ. ನನ್ನ ಹೆಂಡತಿ ತಿಪ್ಪೇರುದ್ರಮ್ಮ ತಾನೇ ಮಣ್ಣು ಮೆತ್ತಿ ಸೆಗಣಿ ಸಾರಿಸಿದ್ದಳು. ಗಾಳಿ ಬಂತು, ಮಳೆ ಬಂತು, ಆಡುಗಳು ಬಂದು ಮೈ ಉಜ್ಜಿದವು, ಅದು ಅಲುಗಲಿಲ್ಲ. ಬೇನೆ ತಗ್ಗಿದ ಮೇಲೆ ಊರ ಹೊರಗೆ ಅಗಲವಾದ ಬೀದಿಗಳ ಬಡಾವಣೆಯಾಯಿತು. ನಮಗೂ ಒಂದು ನಿವೇಶನ ಸಿಕ್ಕಿತು. ಗಾಳಿ ಬೆಳಕಿರುವ ಮನೆಯಲ್ಲಿ ಇನ್ನು ಮೇಲೆ ನೆಮ್ಮದಿಯಾಗಿರಬಹುದು ಎಂದು ಇಬ್ಬರೂ ಆಸೆಪಟ್ಟೆವು.

ಆಗ ತಮ್ಮ ಕಚೇರಿಯಿಂದ ಷರತ್ತು ಬಂತು. ಬಡಾವಣೆಯಲ್ಲಿ ಮನೆ ಕಟ್ಟುವ ಕೆಲಸವನ್ನು ಕಚೇರಿ ಒಪ್ಪಿದ ಕಂಟ್ರಾಕ್ಟರುಗಳಿಗೇ ಕೊಡಬೇಕು. ಅವರಲ್ಲೂ ಟೆಂಡರಿನಲ್ಲಿ ಎಲ್ಲರಿಗಿಂತ ಕಡಿಮೆ ದರ ಕೂಗಿದವನಿಗೇ ಕೊಡಬೇಕು. ಹಣ ನನ್ನದು, ಮನೆ ನನ್ನದು, ಅದರಡಿ ಮಲಗುವವರು ನನ್ನ ಹೆಂಡತಿ ಮಕ್ಕಳು. ಕಟ್ಟುವವನನ್ನು ಆರಿಸುವ ಹಕ್ಕು ಮಾತ್ರ ತಮ್ಮದು! ಕಡಿಮೆ ಕೂಗಿದವನು ಉಳಿದವರಿಗಿಂತ ಹೇಗೆ ಕಡಿಮೆಗೆ ಕಟ್ಟುತ್ತಾನೆ ಎಂದು ತಮ್ಮ ಕಚೇರಿಯಲ್ಲಿ ಒಬ್ಬರಾದರೂ ಕೇಳಿದರೇ? ಅವನ ಮನೆಯಲ್ಲಿ ಇಟ್ಟಿಗೆ ಮರದಲ್ಲಿ ಬಿಡುತ್ತದೆಯೇ? ಮನೆಯ ಹೆಣ್ಣಿಗೆ ಗಂಡು ಹುಡುಕುವಾಗಲೂ ತಾವು ಇದೇ ಪದ್ಧತಿಯನ್ನು ಅನುಸರಿಸುತ್ತೀರಾ, ಅಥವಾ ಈ ಜಾಣತನ ನಮ್ಮಂಥವರ ಮನೆಗಳಿಗೆ ಮಾತ್ರ ಮೀಸಲೇ?

ನಾನು ಖರ್ಚಿಗೆ ಹಿಂದೆಮುಂದೆ ನೋಡಿದವನಲ್ಲ. ಬಾಗಿಲಿಗೆ ತೇಗ ತರಿಸಿದೆ, ಪಡಸಾಲೆಯ ಕಂಬಗಳಿಗೆ ಕೆತ್ತನೆ ಮಾಡಿಸಿದೆ. ಗೋಡೆಗಳಿಗೆ ಸುಟ್ಟ ಇಟ್ಟಿಗೆ, ಅದರ ಮೇಲೆ ಗಾಣದಲ್ಲಿ ಅರೆದ ಸುಣ್ಣದ ಗಾರೆ ಎಂದು ಕರಾರಾಯಿತು. ಈ ಗಾರೆಯ ಬಗ್ಗೆ ತಮಗೆ ಹೇಳಬೇಕಾದ್ದಿಲ್ಲ, ಓದುಗರಿಗಾಗಿ ಹೇಳುತ್ತೇನೆ. ಸುಣ್ಣವನ್ನು ಗುಂಡಿಯಲ್ಲಿ ಬಹುಕಾಲ ಕೊಳೆಹಾಕಿ, ಮರಳು ಬೆರೆಸಿ, ಬೆಲ್ಲದ ನೀರು ಹಾಕುತ್ತ ಕಲ್ಲಿನ ಚಕ್ರದಡಿ ಬೆಣ್ಣೆಯಾಗುವವರೆಗೆ ಅರೆಯಬೇಕು. ಅದಕ್ಕೆ ಎತ್ತು ಬೇಕು, ಆಳು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆ ಬೇಕು. ಕಡಿಮೆ ಕೂಗಿದ ಮಹಾಶಯನ ಬಳಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಅವನ ಬಳಿ ಇದ್ದದ್ದು ಬಾಯಿ.

"ಫಿಕರ್ ಮಾಡ್ಬೇಡ್ರಿ ಯಜಮಾನ್ರೇ, ಪಕ್ಕಾ ಬೆಲ್ಲದ ಗಾರೆ. ನಿಮ್ಮ ಮರಿಮಕ್ಕಳು ಮೊಳೆ ಹೊಡೆಯಾಕೆ ಹೋದ್ರೆ ಮೊಳೆ ಮಣೀಬೇಕು, ಗೋಡೆ ಮಣಿಯಂಗಿಲ್ಲ," ಎಂದ.

ಉಣ್ಣೆ ಕೊಳ್ಳಲು ದೇವಸಮುದ್ರದ ಕಡೆ ಹೋಗಿದ್ದವನು ಹಿಂತಿರುಗುವಷ್ಟರಲ್ಲಿ ಮನೆ ಎದ್ದು ನಿಂತು, ಬೆಳ್ಳಗೆ ಹೊಳೆಯುತ್ತಿತ್ತು. ಅದರ ಪರೀಕ್ಷೆಗೆ ತಾವೇ ಚಿತ್ತೈಸಿದಿರಿ. ಬೆತ್ತದಿಂದ ಬೀದಿ ಕಡೆಯ ಗೋಡೆಯನ್ನು ತಟ್ಟಿದಿರಿ. ಅದೊಂದು ಮಾತ್ರ ಇಟ್ಟಿಗೆಯದು, ಗಟ್ಟಿಯಾಗಿಯೇ ಸದ್ದು ಮಾಡಿತು. ಒಳಗೆ ಬಂದ ಮೇಲೆ ತಟ್ಟುವ ಶ್ರಮ ಏಕೆಂದು ಕಂಟ್ರಾಕ್ಟರು, "ನಾಲಿಗೆಗೆ ಹಚ್ಚಿ ನೋಡ್ರಿ ಸಾಹೇಬ್ರೇ, ಬೆಲ್ಲ ಹೆಂಗೆ ಸೇರೈತೆ," ಎಂದ. ತಾವು ಅಂಗಳದ ಗೋಡೆಯನ್ನು ತೋರುಬೆರಳಿನಿಂದ ಸವರಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿ, ಕಣ್ಣುಮುಚ್ಚಿ ತಲೆದೂಗಿದಿರಿ. ಹಬ್ಬದ ಪಾಯಸದ ಹದ ನೋಡುವವರೂ ಅಷ್ಟು ತನ್ಮಯತೆಯಿಂದ ನೋಡಿರಲಾರರು. ಅಲ್ಲೇ ಜಗಲಿಯ ಮೇಲೆ ಕುಳಿತು ಒಪ್ಪಿಗೆಯ ರುಜು ಹಾಕಿದಿರಿ. ಅಂದು ಬೆಳಗ್ಗೆ ಕಂಟ್ರಾಕ್ಟರಿನ ಆಳುಗಳು ಗೋಡೆಗೆ ಬೆಲ್ಲದ ಪಾನಕ ಎರಚಿ ಒರೆಸಿದ್ದನ್ನು ಪಕ್ಕದ ಮನೆಯವರು ಆಮೇಲೆ ಹೇಳಿದರು.

ತಮ್ಮ ನಂತರ ಆ ಗೋಡೆಯ ರುಚಿ ನೋಡಿದವರು ಇರುವೆಗಳು. ಗೃಹಪ್ರವೇಶಕ್ಕೆ ನಾವು ಕರೆಯದಿದ್ದರೂ ಚಳ್ಳಕೆರೆಯ ಇರುವೆಗಳೆಲ್ಲ ಸಂಸಾರ ಸಮೇತ ಬಂದವು. ಬಿಳಿ ಗೋಡೆ ಕರ್ರಗಾಯಿತು. ತಿಪ್ಪೇರುದ್ರಮ್ಮ ಬೂದಿ ಉದುರಿಸಿದಳು, ಅರಿಸಿನ ಉದುರಿಸಿದಳು, ಕೊನೆಗೆ ಪೊರಕೆಯಿಂದ ಗುಡಿಸಿದಳು. ಪೊರಕೆಯ ಜೊತೆಗೆ ಗಾರೆಯೂ ಹಪ್ಪಳದಂತೆ ಎದ್ದುಬಂತು. ಅದನ್ನು ಕೈಯಲ್ಲಿ ಹಿಡಿದು ತಂದು ನನ್ನ ಮುಂದೆ ಇಟ್ಟಳು.

"ಗೋಡೆ ಅಂತೆ ಗೋಡೆ! ನಾನು ತಟ್ಟೋ ಹೋಳಿಗೆ ಇದಕ್ಕಿಂತ ದಪ್ಪ ಐತೆ. ಆ ಸಾಹೇಬ್ರು ನೆಕ್ಕಿ ನೆಕ್ಕಿ ಏನು ಕಂಡ್ರೋ!" ಎಂದಳು.

ಗಾರೆಯ ಹಿಂದೆ ಇಟ್ಟಿಗೆ ಇರಲಿಲ್ಲ. ಇದ್ದದ್ದು ಕರಲು ಮಣ್ಣಿನ ಮುದ್ದೆ. ತಾವು ಈ ಸೀಮೆಗೆ ವರ್ಗವಾಗಿ ಬಂದು ಬಹಳ ಕಾಲವಾಗಿಲ್ಲ, ಆದರೂ ತಲೆಯ ಮೇಲೆ ಒಂದು ಮಾಳಿಗೆಯಂತೂ ಇದ್ದೀತು. ನಾವು ಇಲ್ಲಿ ಉಪ್ಪಿನ ಅಂಶವಿರುವ ಕರಲು ಮಣ್ಣನ್ನು ಮಾಳಿಗೆಯ ಮೇಲೆ ಹೊದಿಸುತ್ತೇವೆ. ಮಳೆಹನಿ ಬಿದ್ದರೆ ಅದು ಬಿಗಿದುಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲ. ಅದನ್ನೇ ಗೋಡೆಗೆ ಯಾರೂ ಹಾಕುವುದಿಲ್ಲ. ಹಾಕಿದರೆ ಉಪ್ಪು ಬೆವರಿ, ಮೇಲಿನ ಸುಣ್ಣವನ್ನು ಕಳಚಿ, ಬುಡವನ್ನು ಹಸಿ ಮಾಡುತ್ತದೆ. ಕೆರೆಯ ಹಿಂದಿನ ಚೌಳು ನೆಲದಲ್ಲಿ ಈ ಮಣ್ಣು ಪುಕ್ಕಟೆಯಾಗಿ ಸಿಗುತ್ತದೆ. ಕಡಿಮೆ ಕೂಗಿದವನ ಲೆಕ್ಕಾಚಾರದ ಮರ್ಮ ಇಷ್ಟೇ. ಮಾಳಿಗೆಯ ಮೇಲೆ ಇರಬೇಕಾದದ್ದನ್ನು ಗೋಡೆಯೊಳಗೆ ತುಂಬಿ, ಮೇಲೆ ಸುಣ್ಣದ ತೊಗಲು ಹೊದಿಸಿದ್ದ. ನಾನು ಕರೆಸಿ ಕೇಳಿದ್ದಕ್ಕೆ, ಹೊಸ ಗೋಡೆ ಬೆವರುವುದು ಶುಭ ಎಂದು ಹೇಳಿ ಇನ್ನೊಂದು ಸಲ ಸುಣ್ಣ ಬಳಿಸಿ ಹೋದ. ತಮ್ಮ ಕಚೇರಿಗೆ ಎರಡು ಅರ್ಜಿ ಬರೆದೆ. ಪರೀಕ್ಷೆಯಾಗಿ ಒಪ್ಪಿಗೆಯಾದ ಕೆಲಸದ ಮೇಲೆ ತಕರಾರು ಸಲ್ಲದು ಎಂದು ಉತ್ತರ ಬಂತು.

ಅಷ್ಟರಲ್ಲಿ ಮೊಳಕಾಲ್ಮೂರಿಗೆ ಕೊಟ್ಟಿದ್ದ ನಮ್ಮ ಒಬ್ಬಳೇ ಮಗಳು ಶಿವಬಸಮ್ಮ ಚೊಚ್ಚಲ ಹೆರಿಗೆಗೆ ಬಂದಳು. ಗಂಡುಮಗುವಾಯಿತು. ಅಂಗಳಕ್ಕೆ ತಾಗಿದ ಕೋಣೆಯಲ್ಲಿ, ಗೋಡೆಗೆ ಒತ್ತಿ ಬಾಣಂತಿಯ ಮಂಚ ಹಾಕಿದ್ದೆವು, ಅದೇ ಗೋಡೆಯ ಬುಡದಲ್ಲಿ ತೊಟ್ಟಿಲು ಇಟ್ಟಿದ್ದೆವು. ಆ ದಿನಗಳಲ್ಲೇ ಹಟ್ಟಿಯ ದೇವರ ಎತ್ತುಗಳು ಊರಿಗೆ ಬಂದವು. ಇವುಗಳಿಗೆ ನೊಗ ಹೂಡುವುದಿಲ್ಲ, ಮೂಗುದಾರ ಹಾಕುವುದಿಲ್ಲ, ಯಾರೂ ಬಾರುಕೋಲು ಎತ್ತುವುದಿಲ್ಲ. ಬೀದಿಯಲ್ಲಿ ಬಂದರೆ ಹೆಂಗಸರು ಕಾಲಿಗೆ ನೀರು ಹಾಕಿ, ಅರಿಸಿನ ಹಚ್ಚುತ್ತಾರೆ. ಅದರಲ್ಲೊಂದು ಬಿಳಿ ಎತ್ತು ತೆರೆದ ಬಾಗಿಲಿನಿಂದ ನಮ್ಮ ಅಂಗಳಕ್ಕೇ ಬಂತು. ಬಾಣಂತಿ ಇರುವ ಮನೆಗೆ ದೇವರು ತಾನಾಗಿ ಬಂದನೆಂದು ನನ್ನ ಹೆಂಡತಿ ಬಾಳೆಹಣ್ಣು, ಬೆಲ್ಲ ಹಿಡಿದು ಓಡಿದಳು. ಎತ್ತು ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರವಾಗಿ ಗೋಡೆಯ ಬಳಿ ಹೋಗಿ ನೆಕ್ಕತೊಡಗಿತು.

ಮೊದಲು ನಾವೆಲ್ಲ ಕೈಮುಗಿದೆವು. ದೇವರು ನಮ್ಮ ಗೋಡೆಗೆ ಮುತ್ತು ಕೊಡುತ್ತಿದ್ದಾನೆ ಎಂದು ಪಕ್ಕದ ಮನೆಯ ಹುಚ್ಚಕ್ಕ ಆರತಿಯನ್ನೂ ತಂದಳು. ಸುಣ್ಣದ ತೊಗಲು ಉದುರಿತು. ಉಪ್ಪಿನ ಮಣ್ಣು ಸಿಕ್ಕಿತು. ಎತ್ತಿನ ನಾಲಿಗೆ ಒಳಕ್ಕೆ ಒಳಕ್ಕೆ ಹೋಗುತ್ತಲೇ ಇತ್ತು, ಮಣ್ಣು ತೊಪತೊಪನೆ ಬೀಳುತ್ತಿತ್ತು. ನಾನು ಹೆದರಿ ಎತ್ತುಗಳನ್ನು ಕಾಯುವ ಕಿಲಾರಿ ಗಾದ್ರಪ್ಪನನ್ನು ಕೂಗಿದೆ.

"ಎಳಕೊಂಡು ಹೋಗಪ್ಪಾ, ಒಳಗೆ ಬಾಣಂತಿ ಐದಾಳೆ!"

"ಎಳಿಯಂಗಿಲ್ಲ ಸಾಮಿ, ಹೊಡಿಯಂಗಿಲ್ಲ. ತಾನಾಗೇ ಬರ್ಬೇಕು," ಎಂದ ಅವನು. "ರಾ ನಾಯನಾ, ರಾ... ರಾ ತಂಡ್ರಿ," ಎಂದು ತನ್ನ ಮನೆಮಾತಾದ ತೆಲುಗಿನಲ್ಲಿ, ಬಾರಪ್ಪಾ ಬಾ ಎಂದು ಕೈಮುಗಿದು ಎತ್ತನ್ನು ಬೇಡಿಕೊಳ್ಳುತ್ತಿದ್ದ.

ನಾನು ಕೋಣೆಗೆ ಓಡಿದೆ. ನಾನು ಹೊಸಿಲು ತುಳಿಯುವುದಕ್ಕೂ ಎತ್ತು ಕತ್ತು ಉಜ್ಜುವುದಕ್ಕೂ ಸರಿಹೋಯಿತು. ಗೋಡೆ ಒಳಕ್ಕೆ ಕುಸಿಯಿತು. ಶಿವಬಸಮ್ಮ ಚೀರಿದಳು. ತೊಟ್ಟಿಲು ಮಣ್ಣಿನಲ್ಲಿ ಮುಚ್ಚಿಹೋಗಿತ್ತು. ಸಾಹೇಬರೇ, ಬರಿಗೈಯಲ್ಲಿ ಆ ಮಣ್ಣನ್ನು ಬಗೆದವನು ನಾನು. ಆಗ ನನ್ನ ಎದೆಯಲ್ಲಿ ಏನಾಯಿತೆಂದು ಬರೆಯಲು ಇಂದಿಗೂ ಕೈ ಬರುವುದಿಲ್ಲ. ಬಗೆಯುತ್ತಿರುವಾಗ ಹಿಂದಿನಿಂದ ಸೂಲಗಿತ್ತಿ ಕಾಟಮ್ಮನ ಕೂಗು ಕೇಳಿತು: "ಕೂಸು ನನ್ನತ್ರ ಐತೆ! ಎರಿಯಾಕೆ ಎತ್ಕೊಂಡು ಹೋಗಿದ್ದೆ!" ಬಚ್ಚಲ ಮನೆಯ ಬಾಗಿಲಲ್ಲಿ ಅವಳು ಎಣ್ಣೆ ಹಚ್ಚಿದ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ನಾನು ಅಲ್ಲೇ ಕುಸಿದು ಕುಳಿತು ಅತ್ತೆ.

ಮಗಳ ಎಡಗಾಲು ಮುರಿದಿತ್ತು. ಸುದ್ದಿ ಮುಟ್ಟಿ ಮೊಳಕಾಲ್ಮೂರಿನಿಂದ ಬೀಗಿತ್ತಿ ಮುದ್ದಕ್ಕ ಗಾಡಿ ಕಟ್ಟಿಸಿಕೊಂಡು ಬಂದರು. ತವರಿನ ಬಾಣಂತನ ಅರ್ಧಕ್ಕೆ ಬಿಡಿಸಿ ಸೊಸೆಯನ್ನು ಕರೆದೊಯ್ಯುವುದೆಂದರೆ ಹೆತ್ತವರ ಮುಖಕ್ಕೆ ಮಂಗಳಾರತಿ ಎಂದು ಅವರಿಗೂ ಗೊತ್ತಿತ್ತು. ಆದರೂ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿದರು.

"ಬೀಗರೇ, ನಿಮ್ಮ ಮ್ಯಾಲೆ ನಂಗೆ ಸಿಟ್ಟಿಲ್ಲ. ಆದ್ರೆ ಈ ಮನೆಗೆ ನಮ್ಮ ಕೂಸು ಮತ್ತೆ ಬರಲ್ಲ. ನೋಡಬೇಕು ಅನ್ನಿಸಿದ್ರೆ ನೀವೇ ಬರ್ರಿ," ಎಂದರು. ನನ್ನ ಹೆಂಡತಿ ಗಾಡಿಯ ಹಿಂದೆ ಕೆರೆಯ ಏರಿಯವರೆಗೆ ನಡೆದುಹೋಗಿ ತಿರುಗಿ ಬಂದಳು.

ಇಷ್ಟೆಲ್ಲ ಆದ ಮೇಲೆ ತಮ್ಮ ಕಚೇರಿಗೆ ಬಂದೆ. ತಾವು ಕುರ್ಚಿಯಿಂದ ಏಳಲಿಲ್ಲ, ಮಗಳು ಹೇಗಿದ್ದಾಳೆ ಎಂದು ಕೇಳಲಿಲ್ಲ. ದನಕರುಗಳಿಂದಾದ ಹಾನಿಗೆ ಕಂಟ್ರಾಕ್ಟರು ಹೊಣೆಯಲ್ಲ ಎಂದಿರಿ. ಎತ್ತನ್ನು ಒಳಗೆ ಬಿಟ್ಟುಕೊಂಡದ್ದೇ ನನ್ನ ತಪ್ಪು, ಹೊಡೆದು ಓಡಿಸಬೇಕಿತ್ತು ಎಂದಿರಿ. ಎತ್ತು ಇರುವ ಸೀಮೆಯಲ್ಲಿ ಮನೆ ಕಟ್ಟಿಸುವಾಗ ಎತ್ತಿನ ನಾಲಿಗೆಗೆ ತಡೆಯುವ ಗೋಡೆ ಬೇಕೆಂದು ನಾನು ಕರಾರಿನಲ್ಲಿ ಬರೆಸಬೇಕಾಗಿತ್ತೇ? ಹಾಗಾದರೆ ಬೆಕ್ಕಿನ ಉಗುರಿಗೆ, ಗುಬ್ಬಿಯ ಕೊಕ್ಕಿಗೆ, ಕೂಸಿನ ಅಳುವಿಗೆ ಬೇರೆ ಬೇರೆ ಟೆಂಡರು ಕರೆಯುತ್ತೀರಾ? ಆ ಗೋಡೆಯನ್ನು ಮೊದಲು ನೆಕ್ಕಿದವರು ತಾವು, ಕೊನೆಗೆ ನೆಕ್ಕಿದ್ದು ಎತ್ತು. ಇಬ್ಬರಲ್ಲಿ ಸಂಬಳ ಪಡೆಯುವವರು ತಾವು, ಸತ್ಯ ಹೊರಗೆಡಹಿದ್ದು ಅದು.

ತಮ್ಮ ಅಜ್ಞಾನವೇ ಇದಕ್ಕೆಲ್ಲ ಕಾರಣ ಎಂದುಕೊಂಡಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅಜ್ಞಾನಿಯ ಮೇಲೆ ಕನಿಕರಪಡಬಹುದು. ಆದರೆ ಕಚೇರಿಯಿಂದ ಹಿಂತಿರುಗುವಾಗ ತಾವು ಸ್ವಂತಕ್ಕೆ ಕಟ್ಟಿಸಿದ ಹೊಸ ಮನೆಯ ಹಿಂಬದಿಯಿಂದ ಬಂದೆ. ಹಿತ್ತಿಲಿನಲ್ಲಿ ಗಾರೆಯ ಗಾಣ ಇತ್ತು. ದುಂಡನೆಯ ಕಲ್ಲುಕಾಲುವೆ, ಅದರಲ್ಲಿ ಕಲ್ಲಿನ ಚಕ್ರ, ಪಕ್ಕದಲ್ಲಿ ಸುಣ್ಣ ಕೊಳೆಹಾಕಿದ್ದ ಗುಂಡಿ, ಒಡೆದು ಬಿದ್ದ ಬೆಲ್ಲದ ಗಡಿಗೆಗಳು. ಕಡಿಮೆ ಕೂಗಿದವನ ನೆರಳೂ ಅಲ್ಲಿ ಬಿದ್ದಿರಲಿಲ್ಲ. ತಮ್ಮ ಷರತ್ತು ಬಡಾವಣೆಯ ಎಲ್ಲ ಮನೆಗಳ ಹೊಸಿಲನ್ನೂ ದಾಟಿ, ತಮ್ಮ ಹೊಸಿಲಿನ ಬಳಿ ಬಂದು ಮಾತ್ರ ದಣಿದು ಕುಳಿತುಬಿಟ್ಟಿತು.

ಎತ್ತುಗಳು ಹಟ್ಟಿಗೆ ಹಿಂತಿರುಗಿದ ದಿನ ತಮಗೂ ನೆನಪಿರಬೇಕು. ತಾವೇ ತಮ್ಮ ಮನೆಯ ಜಗಲಿಯ ಮೇಲೆ ನಿಂತಿದ್ದಿರಿ. ಗಾದ್ರಪ್ಪ ಯಾವ ಎತ್ತನ್ನೂ ನೂಕಲಿಲ್ಲ, ಕರೆಯಲಿಲ್ಲ. ಅದೇ ಬಿಳಿ ಎತ್ತು ತಾನಾಗಿ ತಮ್ಮ ಮನೆಯ ಗೋಡೆಯ ಹತ್ತಿರ ಹೋಯಿತು. ಬೀದಿಯ ಜನ ಸುತ್ತ ನೆರೆದರು. ಅದು ಮೂಸಿತು, ಒಂದು ಸಲ ನಾಲಿಗೆ ಚಾಚಿತು, ಬುಸ್ಸೆಂದು ಮೂಗು ಕೊಡವಿ ಮುಂದೆ ಹೋಯಿತು. ಜನ ನಕ್ಕರು. ತಾವು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿರಿ. ಗಟ್ಟಿ ಗೋಡೆ ಯಾವುದು, ಟೊಳ್ಳು ಗೋಡೆ ಯಾವುದು ಎಂಬುದು ತಮಗೆ ಮೊದಲಿನಿಂದಲೂ ಗೊತ್ತಿತ್ತು. ಯಾರ ಮೇಲೆ ಯಾವುದು ಬೀಳಬೇಕು ಎಂಬುದನ್ನೂ ತಾವೇ ಗೊತ್ತು ಮಾಡಿದ್ದಿರಿ.

ಈಗ ಮೊಳಕಾಲ್ಮೂರಿನ ಆಸ್ಪತ್ರೆಗೆ ಹೆರಿಗೆಯ ಕೋಣೆಗಳನ್ನು ಕಟ್ಟಿಸುವ ಕೆಲಸ ತಮ್ಮ ಕೈಗೆ ಬಂದಿದೆಯಂತೆ. ಎಲ್ಲರಿಗಿಂತ ಕಡಿಮೆ ಕೂಗಿದವನು ಮತ್ತೆ ಅವನೇ ಅಂತೆ. ನನ್ನ ಮನೆಗೆ ಹೆದರಿ ಮಗಳು ಸೇರಿದ ಊರು ಅದು. ಅವಳ ಮುಂದಿನ ಹೆರಿಗೆಯ ಮಂಚವನ್ನು ಅಲ್ಲಿಯೂ ತಾವು ನೆಕ್ಕಿ ಪಾಸು ಮಾಡಿದ ಗೋಡೆಗೆ ಒತ್ತಿಯೇ ಹಾಕಬೇಕೇ? ನನ್ನ ಮನೆಗೆ ಪರಿಹಾರ ಬೇಡ. ಬಿದ್ದ ಗೋಡೆಯ ಜಾಗಕ್ಕೆ ತಿಪ್ಪೇರುದ್ರಮ್ಮ ತಡಿಕೆ ಕಟ್ಟಿದ್ದಾಳೆ, ಅದು ನಿಂತಿದೆ. ಕೇಳುವುದು ಇಷ್ಟೇ. ಆ ಟೆಂಡರನ್ನು ರದ್ದುಮಾಡಿ. ತಮ್ಮ ಮನೆ ಮುಗಿದಿದೆ, ಹಿತ್ತಿಲಿನ ಗಾಣ ಸುಮ್ಮನೆ ಬಿದ್ದಿದೆ. ಅದನ್ನು ಗಾಡಿಗೆ ಹೇರಿ ಮೊಳಕಾಲ್ಮೂರಿಗೆ ಕಳಿಸಿ. ಗಾಡಿ ನಾನೇ ಕೊಡುತ್ತೇನೆ. ಹೇಗೂ ಮೊಮ್ಮಗನ ಮುಖ ನೋಡಲು ಆ ದಾರಿಯಲ್ಲೇ ಹೋಗಬೇಕು.

ಇಂತಿ,
ಬೆಲೆಬಾಳುವ ಬಾಗಿಲು, ಕೆತ್ತನೆಯ ಕಂಬ, ತಡಿಕೆಯ ಗೋಡೆಯುಳ್ಳ ಮನೆಯಲ್ಲಿ
ಖಾಲಿ ತೊಟ್ಟಿಲಿನ ಪಕ್ಕ ಕುಳಿತಿರುವ
ಚಳ್ಳಕೆರೆಯ ಒಬ್ಬ ಕಂಬಳಿ ವ್ಯಾಪಾರಿ