ಮೈಕ್ ಹೋಗಿ ಕೀಬೋರ್ಡ್ ಫೋನು

ಹಳೇನಗರ, ಭದ್ರಾವತಿ
21 ನವೆಂಬರ್ 2009, ಶನಿವಾರ

ಪ್ರೀತಿಯ ವಿಮಲಾ,

ಎರಡು ವರ್ಷದ ಮೇಲೆ ಗಂಡನ ಅಕ್ಷರ ಕಂಡರೆ ಯಾವ ಹೆಂಡತಿಗೂ ಎದೆ ಧಸಕ್ಕೆನ್ನುತ್ತದೆ. ಹೆದರಬೇಡ, ವಾಪಸ್ ಬಾ ಅಂತ ಕರೆಯಲು ಬರೆದದ್ದಲ್ಲ. ಒಂದು ಫೋನು ತಗೊಳ್ಳಲೋ ಬೇಡವೋ ಅಂತ ಕೇಳಬೇಕಿತ್ತು. ಈ ಮನೆಯಲ್ಲಿ ಕೇಳಲು ಉಳಿದಿರುವುದು ಗೋಡೆಗಳು ಮಾತ್ರ. ಅವನ್ನು ಏನು ಕೇಳಿದರೂ ಸುಣ್ಣ ಉದುರಿಸುತ್ತವೆ.

ಮೊದಲು ಕಾರಣ ಹೇಳಿಬಿಡುತ್ತೇನೆ. ನನ್ನ ಗಂಟಲಿನಲ್ಲಿ ಕ್ಯಾನ್ಸರ್ ಇದೆ. ಬೀಡಿ ಬಿಡಿ ಅಂತ ನೀನು ಹದಿನೆಂಟು ವರ್ಷ ಹೇಳಿದೆ, ಕೇಳಲಿಲ್ಲ. ಡಾಕ್ಟರು ಒಂದೇ ಸಲ ಹೇಳಿದರು, ಬಿಟ್ಟೆ. ಇದೇ ಮೂವತ್ತನೇ ತಾರೀಕು ಮಂಗಳೂರಿನಲ್ಲಿ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರಂತೆ. ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ. ಉಸಿರಾಡಲು ಕುತ್ತಿಗೆಯಲ್ಲಿ ಒಂದು ತೂತು ಬಿಡುತ್ತಾರೆ. ಇಪ್ಪತ್ತು ವರ್ಷ ಆಟೊಗೆ ಹಾರ್ನ್ ಕಟ್ಟಿ, ಮೈಕ್ ಹಿಡಿದು ಊರೂರು ಪ್ರಚಾರ ಮಾಡಿದವನು ನಾನು, ಆ ತೂತಿಗೇ ಮೈಕ್ ಹಿಡಿಯಬಹುದೇ ಅಂತ ಕೇಳಿದೆ. ಡಾಕ್ಟರು ನಗಲಿಲ್ಲ.

ಹೊಳೆಹೊನ್ನೂರು ಸಂತೆಯಲ್ಲಿ ‘ಒಂದು ಕೊಂಡ್ರೆ ಒಂದು ಫ್ರೀ, ಹೊದ್ದುಕೊಂಡ್ರೆ ಚಳಿ ಪರಾರಿ’ ಅಂತ ನಾನು ಕೂಗಿದರೆ ಬಿರುಬೇಸಿಗೆಯಲ್ಲೂ ಕಂಬಳಿ ಖಾಲಿಯಾಗುತ್ತಿತ್ತು. ನಿನಗೆ ನೆನಪಿರಬೇಕು, ಮನೆಗೆ ಬಂದ ಮೇಲೂ ಪ್ರಾಸ ನಿಲ್ಲುತ್ತಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೂ ಎರಡು ಸಾಲು, ಹೆಚ್ಚಾದರೂ ಎರಡು ಸಾಲು. ಮಕ್ಕಳಿಲ್ಲದ ಮನೆಯಲ್ಲಿ ಗದ್ದಲ ಮಾಡುವ ಜವಾಬ್ದಾರಿ ನನ್ನದೇ ಅಂತ ತಿಳಿದಿದ್ದೆ.

ಈಗ ಫೋನು. ಆಟೊ ಓಡಿಸುವ ಹಾಲೇಶನೇ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಗೆ ಕರೆದುಕೊಂಡು ಹೋದ. ಮುಂದೆ ಹೇಗೂ ಮೂಕನೇ, ಅಭ್ಯಾಸ ಆಗಲಿ ಅಂತ ಈಗಿನಿಂದಲೇ ಬಾಯಿ ಮುಚ್ಚಿಕೊಂಡಿದ್ದೇನೆ. ಮಾತು ಹಾಲೇಶನದು, ತಲೆ ಆಡಿಸುವುದು ನನ್ನದು. ಅಂಗಡಿಯವನು ನನಗೆ ಕಿವಿಯೂ ಕೇಳಿಸಲ್ಲ ಅಂದುಕೊಂಡು, ಸಾರ್, ಇದು ಕೀಬೋರ್ಡ್ ಫೋನು, ಅಂತ ಅರ್ಧ ಭದ್ರಾವತಿಗೆ ಕೇಳುವ ಹಾಗೆ ಕಿರುಚಿದ. ಅವರ ಕಿವಿ ನೆಟ್ಟಗಿದೆ ಮಾರಾಯ, ಮೆತ್ತಗೆ ಹೇಳು, ಅಂತ ಹಾಲೇಶ ಗದರಿದ. ಆಗ ಅವನು ಮೆತ್ತಗೇ, ಐದು ಗಂಟೆ ಟಾಕ್‌ಟೈಮ್ ಬರುತ್ತೆ ಸಾರ್, ಎಷ್ಟು ಬೇಕಾದ್ರೂ ಮಾತಾಡಿ, ಅಂದ. ಹಾಲೇಶ ಹೊರಗೆ ಹೋಗಿ ಆಟೊ ಗಾಜು ಒರೆಸತೊಡಗಿದ. ಒರೆಸಿಕೊಂಡದ್ದು ಬರೀ ಗಾಜನ್ನಲ್ಲ ಅಂತ ಕಾಣುತ್ತದೆ.

ಫೋನು ಕೆಟ್ಟದ್ದೇನಲ್ಲ. ದೊಡ್ಡ ಕಂಪನಿಯವರ ಇಂಥದ್ದೇ ಫೋನಿನ ಕಾಲುಭಾಗ ಬೆಲೆ. ಕಂಪ್ಯೂಟರಿನ ಹಾಗೆ ಒಂದೊಂದು ಅಕ್ಷರಕ್ಕೆ ಒಂದೊಂದು ಗುಂಡಿ, ಒಂದಕ್ಷರಕ್ಕೆ ಮೂರು ಸಲ ಒತ್ತುವ ಗೋಳಿಲ್ಲ. ಬ್ಯಾಟರಿ ಮೂರು ದಿನ ಬರುತ್ತದಂತೆ. ಟಾರ್ಚ್ ಇದೆ. ಎರಡು ಸಿಮ್ ಹಾಕಬಹುದು, ಒಂದು ಬಾಯಿಗೂ ಗತಿಯಿಲ್ಲದವನಿಗೆ ಎರಡು ನಂಬರು. ಬರೆದದ್ದನ್ನು ಎದುರಿಗಿದ್ದವರಿಗೆ ತೋರಿಸಬಹುದು, ದೂರ ಇದ್ದವರಿಗೆ ಕಳಿಸಬಹುದು. ಒಂದು ಒಳ್ಳೆಯದು, ಕಳಿಸುವ ಮೊದಲು ಅಳಿಸಬಹುದು. ಮೈಕಿಗೆ ಆ ಸೌಲಭ್ಯ ಇರಲಿಲ್ಲ.

ತೊಂದರೆಗಳೂ ಇವೆ. ಗುಂಡಿಗಳು ದಾಳಿಂಬೆ ಕಾಳಿನಷ್ಟು, ನನ್ನ ಹೆಬ್ಬೆರಳು ಒಂದೇ ಸಲಕ್ಕೆ ಎರಡು ಮೂರನ್ನು ಒತ್ತುತ್ತದೆ. ನೀರು ಬೇಕು ಅಂತ ಬರೆದು ತೋರಿಸುವಷ್ಟರಲ್ಲಿ ಹಾಲೇಶ ಟೀ ತರಿಸಿ ಕುಡಿಸಿಯೂ ಆಗಿತ್ತು. ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಓದೋದು ನಿನಗೂ ತಲೆನೋವು, ನನಗೂ ತಲೆನೋವು. ಪ್ರಾಸವಂತೂ ಅದರಲ್ಲಿ ಕಣ್ಣಿಗೆ ಬೀಳುತ್ತದೆ, ಕಿವಿಗೆ ಬೀಳುವುದಿಲ್ಲ. ಇನ್ನೊಂದು ತೊಂದರೆ ಅಂಗಡಿಯಿಂದ ಬರುವಾಗ ಹೊಳೆಯಿತು. ರಸ್ತೆಯಲ್ಲಿ ಮುಂದೆ ಹೋಗುತ್ತಿರುವವರನ್ನು ಇದರಿಂದ ಕರೆಯಲು ಆಗುವುದಿಲ್ಲ. ಓಡಿಹೋಗಿ ಅವರ ಎದುರಿಗೆ ನಿಲ್ಲಬೇಕು. ಬೆನ್ನು ತಿರುಗಿಸಿ ಹೊರಟವರಿಗೆ ಈ ಫೋನಿನಿಂದ ಏನೂ ಹೇಳಲಾಗದು.

ಎಲ್ಲಕ್ಕಿಂತ ದೊಡ್ಡ ತೊಂದರೆ ಬೇರೆ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ಒಂದು ಸಲವೂ ನಾನು ಒಪ್ಪಿಕೊಂಡಿಲ್ಲ. ಎರಡು ವರ್ಷದ ಹಿಂದೆ ನಿನ್ನ ತಮ್ಮ ಮಧು ಹೊಸಮನೆ ವಾರ್ಡಿನಿಂದ ನಗರಸಭೆಗೆ ನಿಂತಾಗ, ಎದುರು ಪಾರ್ಟಿಯವರು ಪ್ರಚಾರಕ್ಕೆ ನನ್ನನ್ನು ಕರೆದರು. ಕೆಲಸ ಕೆಲಸವೇ ಅಂತ ಹೋದೆ. ನಿಮ್ಮ ಮನೆ ಬಾಗಿಲಲ್ಲೇ ಆಟೊ ನಿಲ್ಲಿಸಿ ಕೂಗಿದೆ: ‘ಹೆಸರಲ್ಲಿ ಮಧು, ಕೆಲಸದಲ್ಲಿ ಕಹಿ, ಚರಂಡಿ ಕಟ್ಟದೆ ಬಿಲ್ಲಿಗೆ ಸಹಿ!’ ಗುತ್ತಿಗೆ ಕೆಲಸ ಮಾಡಿಕೊಂಡಿದ್ದ ಹುಡುಗ. ಅವನು ಅಂಥವನಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಪ್ರಾಸ ಕೂತಿತ್ತು ವಿಮಲಾ. ಕೂತ ಪ್ರಾಸವನ್ನು ಎಬ್ಬಿಸಿ ಕಳಿಸುವ ಮನಸ್ಸು ನನಗೆ ಯಾವತ್ತೂ ಬರಲಿಲ್ಲ.

ಬೀದಿ ಮಕ್ಕಳು ಅದನ್ನು ಒಂದು ತಿಂಗಳು ಹಾಡಿಕೊಂಡು ತಿರುಗಿದರು. ಮಧು ಸೋತ. ಮಾವನವರು ಬೆಳಿಗ್ಗೆ ಪೇಪರ್ ಓದಲು ಜಗಲಿಗೆ ಬರುವುದನ್ನೂ ಬಿಟ್ಟರಂತೆ. ನೀನು ಸೀರೆ ಮಡಚಿ ಬ್ಯಾಗಿಗೆ ಹಾಕುತ್ತಾ, ಆ ಬಾಯಿ ನಿಂತ ದಿನ ಹೇಳಿ ಕಳಿಸಿ, ಬರ್ತೀನಿ, ಅಂದೆ. ಆಗಲೂ ನಾನು ಒಂದು ಪ್ರಾಸ ಹೇಳಿದೆ. ಏನು ಅಂತ ಮರೆತಿದ್ದೇನೆ. ನೀನು ಮರೆತಿರಲಾರೆ.

ಬೈದದ್ದು ನಾಲ್ಕು ಬೀದಿಗೆ ಕೇಳುವ ಹಾರ್ನಿನಲ್ಲಿ. ತಪ್ಪಾಯಿತು ಅಂತ ಅಂಗೈಯಗಲದ ಫೋನಿನಲ್ಲಿ ಗುಂಡಿ ಒತ್ತಿ ಕಳಿಸಿದರೆ ಅದು ತಲುಪುವುದು ಒಬ್ಬರಿಗೆ. ಅವರೂ ಓದದೆ ಅಳಿಸಬಹುದು. ಅದಕ್ಕೇ, ಆಪರೇಷನ್ನಿಗೆ ಮುಂಚೆ ಇನ್ನೂ ಎರಡು ಭಾನುವಾರ ಇವೆಯಲ್ಲ, ಗಂಟಲು ಹರಿದರೂ ಸರಿ, ಹೊಸಮನೆಗೆ ಬಂದು ಅದೇ ಬೀದಿಗಳಲ್ಲಿ ಅದೇ ಮೈಕಿನಲ್ಲಿ ಮಧುವಿನದು ತಪ್ಪಿಲ್ಲ ಅಂತ ಕೂಗಿ ಹೋಗಬೇಕು ಅಂತಿದ್ದೇನೆ.

ಫೋನಿನ ವಿಷಯಕ್ಕೆ ಮಾತ್ರ ಉತ್ತರ ಬರಿ. ನಾನು ಕಳಿಸಿದ್ದನ್ನು ನೀನು ಓದ್ತೀನಿ ಅಂದರೆ ತಗೋತೀನಿ. ಓದಲ್ಲ ಅಂದರೆ ಬೇಡ. ಹಾಲೇಶನ ಹತ್ತಿರ ಟೀ ಕೇಳಲು ಕೈಸನ್ನೆ ಸಾಕು.

ಒಂದು ಕಾಲಕ್ಕೆ ಬಾಯಿ ತುಂಬಾ ಮಾತಾಡುತ್ತಿದ್ದ,
ನಿನ್ನ
ರೇಣುಕಾಪ್ರಸಾದ್

ತಾ.ಕ.: ಲಕೋಟೆಗೆ ಅಂಟು ಹಚ್ಚಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಮೇಲೆ ಒಂದು ಸುಳ್ಳಿದೆ. ಹೊಡೆದುಹಾಕುವುದಿಲ್ಲ. ಎಷ್ಟು ಸಲೀಸಾಗಿ ಬರೆದಿದ್ದೇನೆ, ನೀನೇ ನೋಡು. ಆಪರೇಷನ್ ಆಗಿಹೋಗಿದೆ, ಅಕ್ಟೋಬರ್ ಇಪ್ಪತ್ತಾರಕ್ಕೆ. ಅಂಗಡಿಯಲ್ಲಿ ತಲೆ ಆಡಿಸಿದ್ದು ಅಭ್ಯಾಸಕ್ಕಲ್ಲ.

ಹೊಸಮನೆಗೂ ಬಂದಿದ್ದೆ. ದಸರಾ ಮುಗಿದ ಭಾನುವಾರ. ಸ್ವರ ಒಡೆದಿತ್ತು, ಆದರೂ ಇತ್ತು. ನಿಮ್ಮ ಬೀದಿ ತಿರುವಿನಲ್ಲಿ ಆಟೊ ನಿಲ್ಲಿಸಿ ಮೈಕ್ ಆನ್ ಮಾಡಿ ಒಂದು ಗಂಟೆ ಕೂತೆ. ಸೀದಾ ಹೇಳಿಬಿಡಿ ಸಾರ್, ಅಂತ ಹಾಲೇಶ ಹೇಳುತ್ತಲೇ ಇದ್ದ. ಬೈದದ್ದು ಪ್ರಾಸದಲ್ಲಿ, ತಪ್ಪೊಪ್ಪಿಗೆ ಸಪ್ಪೆಯಾದರೆ ಯಾರ ನಾಲಿಗೆಯ ಮೇಲೂ ನಿಲ್ಲುವುದಿಲ್ಲ ಅನ್ನಿಸಿತು. ಪ್ರಾಸ ಕೂರಲಿಲ್ಲ. ಬರುವ ವಾರ ಚೆನ್ನಾಗಿ ಕಟ್ಟಿಕೊಂಡು ಬರೋಣ ಅಂತ ಆಟೊ ವಾಪಸ್ ಹೊರಡಿಸಿದೆ. ಆ ವಾರ ಬಂದಾಗ ಉಸಿರೇ ಕಟ್ಟಿತು.

ಈಗ ಸೀದಾ ಬರೆಯುತ್ತೇನೆ. ಮಧು ಚರಂಡಿ ಕಟ್ಟಿದ್ದ. ಅದರ ಮೇಲಿನ ಚಪ್ಪಡಿ ದಾಟಿಯೇ ನಾನು ನಿಮ್ಮ ಮನೆಗೆ ಊಟಕ್ಕೆ ಬರುತ್ತಿದ್ದೆ. ಇದನ್ನು ಮಾವನವರಿಗೆ ಓದಿ ಹೇಳು. ಜಗಲಿಯಲ್ಲಿ ನಿಂತು, ಜೋರಾಗಿ ಓದು.