ಬ್ಯಾಂಕಿನವರು ಬಂದು ಹೋಗೂ ಮನಿ

ನಿಗಡಿ, ಪುಣೆ
ಬುಧವಾರ, ೧೨ ನವೆಂಬರ್ ೨೦೨೫

ಪ್ರೀತಿಯ ಪ್ರಣವಾ,

ನಿನಗ ಅಮ್ಮನ ಆಶೀರ್ವಾದ. ಹೆಂಗಿದ್ದೀ? ಗುವಾಹಾಟಿಯೊಳಗ ಥಂಡಿ ಸುರು ಆಗಿರಬೇಕು. ಕೆಮ್ಮು ಹೋತೇನು? ಔಷಧದ ಗೋದಾಮಿನ್ಯಾಗೇ ಕೆಲಸ ಮಾಡ್ತೀ, ಒಂದು ಬಾಟ್ಲಿ ತಗೊಂಡು ಕುಡೀಲಿಕ್ಕೆ ಏನು ಧಾಡಿ ನಿನಗ. ನಿಮ್ಮ ಅಪ್ಪ ಆರಾಮಿದ್ದಾರ. ಮುಂಜಾನೆ ವಾಕಿಂಗು, ಮಧ್ಯಾಹ್ನ ನಿದ್ದಿ, ಸಂಜೀಕೆ ನನ್ನ ಜೋಡಿ ಜಗಳ, ಎಲ್ಲಾ ವ್ಯವಸ್ಥಿತ ನಡದದ. ಫೋನು ಬಿಟ್ಟು ಕಾಗದ ಯಾಕ ಬರದ್ಲು ಅಂತೀಯೇನೊ. ಫೋನಿನ್ಯಾಗ ನೀ ಹೂಂ ಹೂಂ ಅನಕೋತ ಇನ್ನೇನರೆ ನೋಡ್ಲಿಕ್ಕತ್ತಿರ್ತೀ. ಮ್ಯಾಲೆ ನಿನ್ನ ತಂಗಿ ಪೂರ್ವಾ ನನ್ನ ಮಗ್ಗಲದಾಗೇ ಇರ್ತಾಳ. ಅಕಿ ಮುಂದ ಈ ಮಾತು ಆಡ್ಲಿಕ್ಕೆ ನನಗ ಆಗೂದಿಲ್ಲ.

ನಿನ್ನ ಕ್ರೆಡಿಟ್ ಕಾರ್ಡುಗಳ ಸಂಬಂಧ ಬರೀಲಿಕ್ಕತ್ತೇನಿ. ಹೊಸಾ ಕಾರ್ಡು ತಗೋಳೂದು, ಸ್ವಾಗತಕ್ಕಂತ ಅವರು ಕೊಡೂ ಪಾಯಿಂಟು ಎತಗೊಳ್ಳೂದು, ವರ್ಷದ ಫೀ ಬೀಳೂದ್ರಾಗ ಬಂದ್ ಮಾಡಿಸೂದು, ಮತ್ತ ಬ್ಯಾರೆ ಬ್ಯಾಂಕು. ಒಂದು ಪೈ ಸಾಲ ಇಲ್ಲಮ್ಮಾ, ಎಲ್ಲಾ ಕಾಯದೆ ಪ್ರಕಾರನ ಅದ ಅಂತ ನೀ ಕೂಡಿಸಿಕೊಂಡು ತಿಳಿಸಿ ಹೇಳಿದ್ದಿ, ನಾನೂ ನಂಬೇನಿ. ಆದ್ರ ಪ್ರತಿ ಸರ್ತಿ ಈ ಮನಿ ಪತ್ತಾನೇ ಕೊಡ್ತೀ. ನಿನ್ನ ಹೆಸರು ಸಾಲದ್ದಕ್ಕ ನಿಮ್ಮ ಅಪ್ಪನ ಹೆಸರಿನ್ಯಾಗೂ ತಗಸೀದಿ. ಪತ್ತಾ ಖರೇ ಅದನೋ ಇಲ್ಲೋ ನೋಡ್ಲಿಕ್ಕೆ ಬ್ಯಾಂಕಿನ ಮಂದಿ ಬರ್ತಾರ. ಗಂಟಿ ಒತ್ತಿ 'ಪ್ರಣವ ಇಥೇಚ ರಾಹತಾತ ಕಾ', ಇಲ್ಲೇ ಇರ್ತಾರೇನು ಅಂತಾರ. ನಾ 'ಹೋ', ಹೌದು ಅಂತೇನಿ, ಬಾಗಲದ ಫೋಟೊ ಹೊಡಕೊಂಡು ಹೋಗ್ತಾರ. ಒಲಿ ಮ್ಯಾಲೆ ಹಾಲಿಟ್ಟು ಬಾಗಲಕ್ಕ ಓಡಿ ಓಡಿ ನನಗ ಸಾಕಾಗೇದ. ನಾವು ಇಲ್ಲದಾಗ ಎದುರು ಮನಿ ಏಕನಾಥ ಕಾಕಾಗ ಕೇಳ್ತಾರ.

ಈಗ ಆಗಿದ್ದು ಕೇಳು. ಪೂರ್ವಾನ ಲಗ್ನಕ್ಕ ಆಕುರ್ಡಿಯ ಮಂದಾರನ ಸ್ಥಳ ಬಂದಿತ್ತಲ್ಲ, ಮೂಲ ಬೆಳಗಾವಿಯವ್ರು. ಅವನ ಅವ್ವ, ಅಕ್ಕ ಬಂದು ನೋಡಿಕೊಂಡು ಹೋದ್ರು, ಹುಡುಗ ಹುಡುಗಿನೂ ಹೊರಗ ಭೆಟ್ಟಿ ಆಗಿ ಬಂದ್ರು. ಪೂರ್ವಾ ನಿನಗ ಗೊತ್ತಲ್ಲ, ಅಕಿ ಮನಸ್ಸಿಗೆ ಯಾರೂ ಬರೂದಿಲ್ಲ. ಈ ಸರ್ತಿ ತಾನೇ ಅಡಗಿಮನೀಗೆ ಬಂದು, 'ಅಮ್ಮಾ, ಇವ ಚೊಲೋ ಇದ್ದಾನ' ಅಂದಿದ್ಲು. ತುಳಸಿ ಲಗ್ನ ಆದಮ್ಯಾಲೆ ಮಾತು ಮುಗಸೂಣು ಅಂದವರು ಸುಮ್ಮನಾಗಿಬಿಟ್ರು. ಈ ಸ್ಥಳ ತಂದಾಕಿ ಶರ್ವರಿ ನಿನ್ನೆ ಬಾಯಿ ಬಿಟ್ಲು. ಎಲ್ಲಾರೂ ಮಾಡೂ ಹಂಗ ಅವರೂ ನಮ್ಮ ಬಿಲ್ಡಿಂಗಿನ್ಯಾಗ ಗುಟ್ಟಾಗಿ ವಿಚಾರ್ಸ್ಯಾರ. ಏಕನಾಥ ಕಾಕಾ, ಪಾಪ, ಸುಳ್ಳು ಹೇಳೂ ಮನಶ್ಯಾ ಅಲ್ಲ. ಮಂದಿ ಭಾಳ ಚೊಲೋ, ಆದ್ರ ಮಗನ್ನ ಕೇಳಿಕೋತ ಬ್ಯಾಂಕಿನವರು ಮ್ಯಾಲಿಂದ ಮ್ಯಾಲೆ ಬರ್ತಾರ ಅಂದಾರ. ಸಾಲ ವಸೂಲಿಗೆ ಬರ್ತಾರ ಅಂತ ಮಂದಾರನ ಮನಿಯವರು ತಿಳಕೊಂಡ್ರು. ಇನ್ನೇನು ತಿಳಕೋಬೇಕು ಅವರರೆ.

ಪೂರ್ವಾ ದಿನಾ ಆಫೀಸಿಗೆ ಹೋಗ್ತಾಳ, ಬರ್ತಾಳ, ಉಂಡ ತಾಟು ಎತ್ತಿ ಇಡ್ತಾಳ. ನಿನ್ನ ಹೆಸರು ಬಂತಂದ್ರ ಎದ್ದು ಒಳಗ ಹೋಗ್ತಾಳ. ನನಗ ನಿನ್ನ ಬೈಲಿಕ್ಕೂ ತ್ರಾಣ ಉಳದಿಲ್ಲ ಪ್ರಣವಾ. ಸಿಟ್ಟಿಲ್ಲ ಅಂತ ತಿಳಕೋಬ್ಯಾಡ, ಭಾಳ ಅದ. ಇದ್ದ ಕಾರ್ಡೆಲ್ಲಾ ಬಂದ್ ಮಾಡಸು, ಹೊಸಾವು ಬ್ಯಾಡ. ನಿಮ್ಮ ಅಪ್ಪನ ಹೆಸರಿನವಂತೂ ಇವತ್ತೇ ಮಾಡಸು. ಹೊತ್ತಿಗೆ ಸರಿ ಉಣ್ಣು, ಸ್ವೆಟರ್ ಹಾಕ್ಕೋ. ಎಲ್ಲಿದ್ರೂ ದೇವರು ನಿನ್ನ ಸುಖದಾಗ ಇಡಲಿ.

ನಿನ್ನ ಅಮ್ಮ,
ಇಂದೂ

ತಾ.ಕ.: ಕಾಗದ ಮಡಚಿ ಇಟ್ಟಿದ್ದೆ, ಗಂಟಿ ಆತು. ಯಾರೋ 'ಪ್ರಣವ ಆಹೇತ ಕಾ', ಇದ್ದಾರೇನು ಅಂದ್ರು. ಮತ್ತ ಬ್ಯಾಂಕಿನವರೇ ಅಂತ ತಿಳದು, ಹಿಟ್ಟಿನ ಕೈಲೆ ಎದ್ದು ಹೋಗೂದು ಬ್ಯಾಸರಾಗಿ, ಅವ ಇಲ್ಲೆ ಇರೂದಿಲ್ಲ, ಮತ್ತ ಬರಬ್ಯಾಡ್ರಿ ಅಂತ ಒಳಗಿಂದನೇ ಮರಾಠಿಯೊಳಗ ಒದರಿದೆ. ಬಂದವರು ಮಂದಾರನ ಸ್ವಾದರಮಾವ ಕಿಶೋರರಾಯರು. ಮಂದಿ ಮಾತು ಬ್ಯಾಡ, ಎದುರಿಗೇ ಕೇಳೂಣು ಅಂತ ಬಂದಿದ್ರು. ತಿರುಗಿ ಇಳದು ಹೊಂಟಿದ್ರು, ಪುಣ್ಯಾಕ್ಕ ನಿಮ್ಮ ಅಪ್ಪ ಪಾವಟಿಗಿ ಮ್ಯಾಲೆ ಸಿಕ್ಕು ಕೈಹಿಡದು ಮ್ಯಾಲೆ ಕರಕೊಂಡು ಬಂದ್ರು. ನಾ ಚಹಾ ಇಟ್ಟೆ. ಕಾರ್ಡಿನ ಹಕೀಕತ್ತೆಲ್ಲಾ ಹೇಳಿದ್ವಿ, ಗೋಣು ಹಾಕಿಕೋತ ಕೇಳಿದ್ರು. ಕಡೀಕೆ ಒಂದೇ ಮಾತು ಅಂದ್ರು: 'ಸಾಲ ಇಲ್ಲಂತೀರಿ, ಹಂಗಾದ್ರ ನಿಮ್ಮ ಮಗಾ ಎರಡು ದೀಪಾವಳಿಗೆ ಮನೀಗೆ ಯಾಕ ಬಂದಿಲ್ರೀ?' ಕಾರ್ಡಿನ ಪಾಯಿಂಟು ಕೂಡಿದ್ರ ವಿಮಾನದ ಟಿಕೀಟು ಫುಕಟ ಸಿಗ್ತದ, ಆವಾಗ ಬರ್ತಾನ್ರಿ ಅಂತ, ನೀ ನನಗ ಹೇಳೂದನ್ನೇ ಹೇಳಿದೆ. ಹೇಳೂವಾಗ ನನಗೇ ಅದು ಸುಳ್ಳು ಅನಿಸ್ತು. ೨೩ರ ರವಿವಾರ ಅವರ ಮನೀಗೆ ಕರದಾರ, ಮಗನ್ನ ಕರಕೊಂಡೇ ಬರ್ರಿ ಅಂದಾರ. ರೊಕ್ಕಾ ಕೊಟ್ಟು ಟಿಕೀಟು ತಗಿ. ನೀ ಬರ್ತೀ ಅಂತ ಪೂರ್ವಾಗ ನಾ ಹೇಳಿಲ್ಲ. ಹೋದ ಎರಡೂ ದೀಪಾವಳಿಗೆ ಹೇಳಿ ಅಕಿ ಮುಂದ ಸುಳ್ಳಾಕಿ ಆಗೇನಿ.