ದೋಣಿಯಜ್ಜಿಯ ಹಲ್ಲು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಬುಗುರಿ,

ಹೇಗಿದ್ದೀಯಾ? ನಿನ್ನೆಗೆ ಪರೀಕ್ಷೆ ಮುಗಿಯಿತಲ್ಲ, ಇವತ್ತಾದರೂ ಹೊಟ್ಟೆ ತುಂಬ ಉಂಡು ಮಲಗು. ನಾಲ್ಕು ಪುಟದ ಕಾಗದ ಬರೆದು ಉತ್ತರಕ್ಕೆ ಕಾದು ಕಾದು ನನ್ನನ್ನು ಬೈದುಕೊಂಡಿರುತ್ತೀಯ. ಬೈದುಕೋ, ನ್ಯಾಯವೇ. ಮೈ ಸರಿಯಿರಲಿಲ್ಲ, ಆ ವಿಷಯ ಆಮೇಲೆ. ಮೊದಲು ಸಂತೋಷದ ಸುದ್ದಿ.

ನೀನು ಬಿಟ್ಟುಹೋದ ಹಳೆಯ ಟ್ಯಾಬ್ಲೆಟ್ಟಿನಲ್ಲಿ ನಾನು ದೋಣಿಯಜ್ಜಿಯ ಚಿತ್ರ ಬರೆದು ಕಳಿಸಿದ್ದೆನಲ್ಲ, ಅದೇ, ಟಿವಿ ಕಾರ್ಟೂನಿನಲ್ಲಿ ಜನರನ್ನು ಬೈಯುತ್ತಲೇ ಹೊಳೆ ದಾಟಿಸುವವಳು. ಅಲ್ಲಿ ಅವಳ ಮುಖಕ್ಕೆ ನಾಲ್ಕು ಗೆರೆ, ಹಲ್ಲಿಗೆ ಒಂದು ಬಿಳಿ ಪಟ್ಟಿ. ನಿಜವಾಗಿ ಎದುರಿಗೆ ಬಂದು ಕೂತರೆ ಹೇಗಿರುತ್ತಾಳೆ ಎಂದು ನೋಡುವ ಆಸೆ ನನಗೆ. ಆದರೆ ಅಜ್ಜಿಯ ಅಭಿಮಾನಿಗಳ ಗುಂಪಿಗೆ ಹಾಕಿದ ಕೂಡಲೇ ಒಬ್ಬರು “ಮೇಣದ ಬೊಂಬೆ ಥರ ಇದೆ” ಎಂದರು. ಇನ್ನೊಬ್ಬರು “ಅಜ್ಜಿಗೆ ಪಾಲಿಶ್ ಹೊಡೆದಿದ್ದೀರಾ?” ಎಂದು ಕೇಳಿದರು. ಮುಖಕ್ಕೆ ಹೊಡೆದ ಹಾಗಾಯಿತು. ಅಳಿಸಿಬಿಡುತ್ತಿದ್ದೆನೋ ಏನೋ, ಅಷ್ಟರಲ್ಲಿ ನಿನ್ನ ಕಾಗದ ಬಂತು.

ನೀನು ಓದುವುದನ್ನು ಬಿಟ್ಟು, ಬಾಣದ ಗುರುತು ಹಾಕಿ ಹಾಕಿ ಬರೆದಿದ್ದೆ. ‘ಚಿಕ್ಕಮ್ಮ, ಕಪ್ಪು ಬಣ್ಣ ಮುಟ್ಟಬೇಡ. ನೆರಳಲ್ಲೂ ಬಣ್ಣ ಇರುತ್ತೆ. ಬೆಳಕು ಒಂದೇ ಕಡೆಯಿಂದ ಬರಲಿ. ಎಡಕ್ಕೆ ಬರೆದಿದ್ದನ್ನೇ ಬಲಕ್ಕೂ ಬರೆಯೋ ಗುಂಡಿ ಇದೆಯಲ್ಲ, ಅದನ್ನ ಆಫ್ ಮಾಡು. ಯಾರ ಮುಖನೂ ಎರಡು ಕಡೆ ಒಂದೇ ಥರ ಇರಲ್ಲ.’ ಆ ನಾಲ್ಕು ಪುಟ ಈಗಲೂ ಕಿಟಕಿಯ ಪಕ್ಕದ ಗೋಡೆಯ ಮೇಲಿವೆ.

ಕೈಗನ್ನಡಿ ಹಿಡಿದು ಬಿಸಿಲಿಗೆ ಕೂತೆ. ಬೆಳಕು ಹಿಂದಿನಿಂದ ಬಿದ್ದರೆ ಕಿವಿ ಕೆಂಪಗೆ ಕಾಣುತ್ತದೆ ಎಂದು ಐವತ್ತೆರಡನೇ ವಯಸ್ಸಿಗೆ ಗೊತ್ತಾಯಿತು ನೋಡು. ಕಪ್ಪನ್ನೆಲ್ಲ ತೆಗೆದು ಕಂದು, ನೇರಳೆ ಹಚ್ಚಿದೆ. ಮೂಗಿನ ತುದಿಗೆ ಕೆಂಪು, ಕಣ್ಣಿನ ಕೆಳಗೆ ತುಸು ನೀಲಿ. ಆಚೆ ಕೆನ್ನೆಯ ಅಂಚನ್ನು ನೀನು ಹೇಳಿದ ಹಾಗೆ ಮಸುಕು ಮಾಡಿದೆ. ಒಂದು ಹುಬ್ಬು ಸ್ವಲ್ಪ ಮೇಲೆ ಹೋಯಿತು. ಅಜ್ಜಿಗೆ ಉಸಿರು ಬಂದ ಹಾಗಾಯಿತು. ಆದರೂ ಬಾಯಿ ಮಾತ್ರ ಸುಳ್ಳು ಹೇಳುತ್ತಿತ್ತು.

ಆಮೇಲೆ ಹೊಳೆಯಿತು. ಇಪ್ಪತ್ತಾರು ವರ್ಷ ಊರಿನವರ ಬಾಯಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಟ್ಟವಳು ನಾನು, ನನ್ನ ಅಜ್ಜಿಗೇ ಸುಣ್ಣ ಬಳಿದಂಥ ಹಲ್ಲು ಇಟ್ಟಿದ್ದೆ. ಹಲ್ಲು ಎಲ್ಲಿಯಾದರೂ ಬೆಳ್ಳಗಿರುತ್ತದೆಯೇ? ವಸಡಿನ ಹತ್ತಿರ ಹಳದಿ, ತುದಿಯಲ್ಲಿ ಗಾಜಿನ ಹಾಗೆ ತೆಳು, ಕೋರೆಹಲ್ಲು ಉಳಿದವಕ್ಕಿಂತ ಒಂದು ಬಣ್ಣ ಗಾಢ. ಇವಳಂತೂ ದಿನಾ ದೋಣಿಯ ಹಗ್ಗವನ್ನು ಹಲ್ಲಲ್ಲಿ ಕಚ್ಚಿ ಗಂಟು ಬಿಗಿಯುವವಳು. ಮುಂದಿನ ಒಂದು ಹಲ್ಲಿನ ಮೂಲೆ ಸವೆಸಿದೆ.

ನಮ್ಮ ಲ್ಯಾಬಿನಲ್ಲಿ ಬಾಯಿಯ ಅಚ್ಚು ಎರಕ ಹೊಯ್ಯುವವರು, ನೀನು ಚಿಕ್ಕವಳಿದ್ದಾಗ ‘ಗಾರೆಯಣ್ಣ’ ಎಂದು ಹೆಸರಿಟ್ಟೆಯಲ್ಲ, ಅವರಿಗೆ ತೋರಿಸಿದೆ. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು. “ಅಕ್ಕಾ, ಈಯಮ್ಮ ನಮ್ಮ ಹತ್ರ ಯಾವಾಗ ಬಂದಿದ್ರು? ಅಚ್ಚು ತೆಗೆದ ನೆನಪೇ ಇಲ್ವಲ್ಲ” ಎಂದರು. ನನಗೆ ಅಷ್ಟು ಸಾಕಾಗಿತ್ತು.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಗುಂಪಿನಲ್ಲಿ ಚಿತ್ರ ನೋಡಿ ಒಬ್ಬ ಹೆಂಗಸು ಬರೆದರು. ದೋಣಿಯಜ್ಜಿಗೆ ದನಿ ಕೊಟ್ಟಿರುವುದು ಅವರ ತಾಯಿಯಂತೆ. ‘ಅಮ್ಮ ನಿಮ್ಮನ್ನ ನೋಡಲೇಬೇಕು ಅಂತ ಹಟ ಹಿಡಿದಿದ್ದಾರೆ’ ಎಂದರು. ಹೋದ ಭಾನುವಾರ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಗಾರೆಯಣ್ಣನನ್ನೂ ಕರೆದುಕೊಂಡು ಹೋದೆ. ಎರಡನೇ ಮಹಡಿಯಲ್ಲಿ ಪುಟ್ಟ ಮನೆ, ಬಾಲ್ಕನಿ ತುಂಬ ಒಗೆದ ಬಟ್ಟೆ. ಆ ತಾಯಿ ಸಣಕಲು, ಮೆತ್ತಗಿನ ಮುಖ, ನಮ್ಮ ಅಜ್ಜಿಗೂ ಅವರಿಗೂ ಯಾವ ಹೋಲಿಕೆಯೂ ಇಲ್ಲ. ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಸವೆದ ಹಲ್ಲಿನ ಮೇಲೆ ಬೆರಳಾಡಿಸಿದರು.

“ಒಂಬತ್ತು ವರ್ಷ ಮೈಕಿನ ಮುಂದೆ ನಿಂತು ಬೈದಿದ್ದೀನಿ ತಾಯಿ. ಯಾರ ಬಾಯಿಂದ ಬೈತಾ ಇದೀನಿ ಅಂತ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು.”

ಅಷ್ಟು ಹೇಳಿ, ಇದ್ದಕ್ಕಿದ್ದಂತೆ ಅಜ್ಜಿಯ ದನಿಯಲ್ಲಿ, “ಏಯ್, ಅಂಚಿಗೆ ಕೂತ್ಕೋಬೇಡ, ಮಧ್ಯಕ್ಕೆ ಸರಿ, ದೋಣಿ ವಾಲುತ್ತೆ” ಎಂದು ಗದರಿಸಿದರು. ಪಾಪ, ಗಾರೆಯಣ್ಣ ನಿಜವಾಗಿಯೂ ಸೋಫಾದ ಮಧ್ಯಕ್ಕೆ ಸರಿದು ಕೂತರು. ನಾವೆಲ್ಲ ನಕ್ಕೆವು. ನಗುತ್ತ ನಗುತ್ತಲೇ ನನಗೆ ಕಣ್ಣು ತುಂಬಿತು.

ಇದನ್ನೆಲ್ಲ ಯಾರು ಕಲಿಸಿದರು ಎಂದು ಆಕೆ ಕೇಳಿದಾಗ ಗಾರೆಯಣ್ಣನೇ ಹೇಳಿದರು: “ಇವರ ಅಕ್ಕನ ಮಗಳು. ಕಾಗದದಲ್ಲೇ ಕಲಿಸಿದ್ದು.” ಆಕೆ ಎರಡೂ ಕೈ ಜೋಡಿಸಿ “ಆ ಮಗುಗೆ ಹೇಳಿ” ಎಂದರು. ಅದನ್ನೇ ಹೇಳುತ್ತಿದ್ದೇನೆ. ನನ್ನ ಪಾಲಿನ ಕೃತಜ್ಞತೆಯನ್ನೂ ಅದಕ್ಕೆ ಸೇರಿಸಿಕೋ. ಬೆಳಗಾದರೆ ಏಳುವುದಕ್ಕೆ ಒಂದು ಕಾರಣ ಬೇಕಾಗಿದ್ದ ದಿನಗಳಲ್ಲಿ ನೀನು ನನಗೆ ನಾಲ್ಕು ಪುಟ ಬರೆದೆ.

ನಿನ್ನ ಕಣ್ಣು, ಕೈ ನೂರು ಕಾಲ ಚೆನ್ನಾಗಿರಲಿ. ಓದಿದ್ದು ಫಲಿಸಲಿ. ನಿನ್ನ ಮಾತನ್ನು ಅಕ್ಕರೆಯಿಂದ ಕೇಳುವವರು ನಿನಗೆ ಸದಾ ಸಿಗಲಿ.

ನಿನ್ನ,
ಚಿಕ್ಕಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಿರಲಿಲ್ಲ. ಜನವರಿಯಲ್ಲಿ ನನ್ನ ಗಂಟಲಿನ ಗಡ್ಡೆ ತೆಗೆದರು. ಅದರ ಜೊತೆಗೆ ಧ್ವನಿಪೆಟ್ಟಿಗೆಯೂ ಹೋಯಿತು. ರೋಗ ಉಳಿದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ಅದಕ್ಕೆ ಹೆದರಬೇಡ. ಆದರೆ ನನಗೆ ಇನ್ನು ದನಿಯಿಲ್ಲ ಮಗಳೇ. ಸದ್ದಿಲ್ಲದ ಮನೆಯಲ್ಲಿ ಬೈಯುವ ದನಿ ಒಂದಾದರೂ ಇರಲಿ ಎಂದೇ ದಿನವಿಡೀ ದೋಣಿಯಜ್ಜಿಯನ್ನು ಹಾಕಿಕೊಂಡು ಕೂರುತ್ತಿದ್ದೆ. ಪರೀಕ್ಷೆ ಬಿಟ್ಟು ಓಡಿಬರುತ್ತೀಯೆಂದು ಹೆದರಿ, ನೀನು ಫೋನ್ ಮಾಡಿದಾಗಲೆಲ್ಲ ಗಾರೆಯಣ್ಣನ ಬಾಯಲ್ಲಿ ಸುಳ್ಳು ಹೇಳಿಸಿದೆ. ಅವರ ಮೇಲೆ ಸಿಟ್ಟಾಗಬೇಡ. ಈಗ ಬಾ. ಬಸ್ಸಿನಿಂದ ಇಳಿದು, ನಾನು ಹೆಸರು ಹಿಡಿದು ಕೂಗುತ್ತೇನೆ ಎಂದು ಕಾಯುತ್ತ ನಿಲ್ಲಬೇಡ. ಕತ್ತಿಗೆ ಹಸಿರು ಶಾಲು ಸುತ್ತಿಕೊಂಡಿರುತ್ತೇನೆ. ನೀನೇ ಹುಡುಕಿಕೊಂಡು ಬಾ.